ಕರಿ ನಾಲ್ಕರಿಂದ ಬಿಳಿ ಐದಕ್ಕೆ

ಮೂವತ್ತೊಂದು ವರ್ಷ ನಾನು ಬೈಸಿಕೊಂಡಿದ್ದೇನೆ, ಅದೂ ನನ್ನದಲ್ಲದ ತಪ್ಪಿಗೆ. ಗೃಹಪ್ರವೇಶವಿರಲಿ, ಮಠದ ಭಜನೆಯಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಕಾರ್ಯಕ್ರಮ ಮುಗಿದು ಎಲ್ಲರೂ ಎಲೆ ಮುಂದೆ ಕೂತಾಗ ಯಾರಾದರೊಬ್ಬ ಮಹಾನುಭಾವ ಅನ್ನಕ್ಕೆ ಸಾರು ಕಲಸುತ್ತಾ ಹೇಳುತ್ತಿದ್ದ: "ಹಾಡ್ದೋರು ಚೆನ್ನಾಗ್ ಹಾಡುದ್ರು. ಪೆಟ್ಟಿಗೆಯೋರೂ ಚೆನ್ನಾಗ್ ನುಡ್ಸುದ್ರು. ಆ ತಬಲ್ದೋನೇ ಯಾಕೋ ಸರಿಯಾಗ್ಲಿಲ್ಲ ಕಣ್ಲಾ." ಆ ತಬಲದವನು ನಾನೇ. ಹೆಸರು ಮಹಾಲಿಂಗ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಟೈಲರ್ ಅಂಗಡಿ ಇಟ್ಟಿದ್ದೇನೆ. ಹೊಟ್ಟೆಪಾಡು ಹೊಲಿಗೆಯದು, ತಲೆನೋವು ಸಂಗೀತದ್ದು.

ನಿಜ ಏನೆಂದು ಈಗಲಾದರೂ ಹೇಳಿಬಿಡುತ್ತೇನೆ. ತಬಲವನ್ನು ಹಾಡುವವರ ಶ್ರುತಿಗೆ ಕೂಡಿಸಬೇಕು. ಅದಕ್ಕೆಂದೇ ನನ್ನ ಚೀಲದಲ್ಲಿ ಒಂದು ಸಣ್ಣ ಸುತ್ತಿಗೆ ಇರುತ್ತದೆ. ಹಾಡು ಶುರುವಾಗುವ ಮೊದಲು ಪೆಟ್ಟಿಗೆಯವರು, ಅಂದರೆ ಹಾರ್ಮೋನಿಯಂನವರು, ಒಂದು ಸ್ವರ ಹಿಡಿದುಕೊಡುತ್ತಾರೆ, ನಾನು ತಬಲದ ಅಂಚಿಗೆ ಕುಟ್ಟಿ ಕುಟ್ಟಿ ಅದೇ ಸ್ವರಕ್ಕೆ ತರುತ್ತೇನೆ. ಆಮೇಲೆ ಹಾಡು ಮುಗಿಯುವವರೆಗೆ ಆ ಸ್ವರ ಅಲ್ಲಾಡಬಾರದು. ಪೆಟ್ಟಿಗೆ ನುಡಿಸುವ ನಮ್ಮ ನೀಲಕಂಠಸ್ವಾಮಿ ಮೇಷ್ಟ್ರ ಪಕ್ಕ ಕೂತರೆ ಅಲ್ಲಾಡುತ್ತಿತ್ತು. ಹಾಡುವವರು ಎರಡನೇ ಚರಣಕ್ಕೆ ದಣಿದು ಶ್ರುತಿಯಿಂದ ಚೂರು ಚೂರೇ ಕೆಳಗೆ ಜಾರುವರು. ಅವರು ಉಸಿರೆಳೆದುಕೊಳ್ಳುವ ಸಂದಿನಲ್ಲಿ ಮೇಷ್ಟ್ರು ತಿದಿಯನ್ನು ಮೆತ್ತಗೆ ಮಾಡಿ, ಬೆರಳನ್ನು ಅಲ್ಲಿಂದ ತೆಗೆದು ಪಕ್ಕದ ಕೆಳಗಿನ ಕೀಗೆ ಇಳಿಸಿ, ಏನೂ ಆಗದವರ ಹಾಗೆ ಮುಂದುವರಿಸುವರು. ಕೀಗಳನ್ನು ನಾವು ಕರಿ ಒಂದು, ಕರಿ ಎರಡು, ಬಿಳಿ ಒಂದು, ಬಿಳಿ ಎರಡು ಎಂದು ಎಣಿಸುತ್ತೇವೆ. ಕರಿ ನಾಲ್ಕರಲ್ಲಿ ಶುರುವಾದ ಹಾಡು ಬಿಳಿ ಐದಕ್ಕೆ ಬಂದು ಮುಗಿಯುತ್ತಿತ್ತು. ಹಾಡಿದವರಿಗೆ ತಾವು ಜಾರಿದ್ದೇ ಗೊತ್ತಾಗುತ್ತಿರಲಿಲ್ಲ, ಕೇಳಿದವರಿಗೂ ಗೊತ್ತಾಗುತ್ತಿರಲಿಲ್ಲ. ಹಳೆಯ ಸ್ವರದಲ್ಲೇ ಉಳಿದು ಎಲ್ಲರ ಕಿವಿಗೆ ಚುಚ್ಚುತ್ತಿದ್ದುದು ನನ್ನ ತಬಲ ಒಂದೇ. ನಾನು ಬಲಗೈಯನ್ನು ಆದಷ್ಟು ಮೆತ್ತಗೆ ಆಡಿಸಿ, ಎಡಗೈ ಡಗ್ಗದಲ್ಲೇ ಕಾಲ ತಳ್ಳುತ್ತಿದ್ದೆ.

ಮೇಷ್ಟ್ರು ನನಗಿಂತ ಮೂರು ವರ್ಷಕ್ಕೆ ದೊಡ್ಡವರು, ಈಗ ಅರವತ್ನಾಲ್ಕು. ಸಂತೆಮರಹಳ್ಳಿ ಪಕ್ಕದ ಊರಿನವರು. ಮನೆಯಲ್ಲಿ ಅರಿಶಿನ ಬೆಳೆಯುತ್ತಿದ್ದರು, ಇವರಿಗೆ ಮಾತ್ರ ಬೆಳೆಯ ಕಡೆ ಗಮನವಿರಲಿಲ್ಲ. ಮಠದಲ್ಲಿ ಗುರುಸಿದ್ದಯ್ಯ ಎಂಬ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಆರು ವರ್ಷ ಕಲಿತು, ಆಮೇಲೆ ಇದ್ದಕ್ಕಿದ್ದಂತೆ ಮಠ ಬಿಟ್ಟು, ಊರೂ ಬಿಟ್ಟು ಗುಂಡ್ಲುಪೇಟೆಗೆ ಬಂದರು. ಯಾಕೆ ಬಿಟ್ಟಿರಿ ಎಂದರೆ ಹೇಳುತ್ತಿರಲಿಲ್ಲ. ಇನ್ನೊಂದು ವಿಚಿತ್ರವೆಂದರೆ ಅವರು ಹಾಡಿದ್ದನ್ನು ನಾನು ಒಂದು ದಿನವೂ ಕೇಳಿರಲಿಲ್ಲ. ನೂರಾರು ಮಕ್ಕಳಿಗೆ ಹಾಡು ಕಲಿಸಿದ ಮನುಷ್ಯ, ಎಲ್ಲವನ್ನೂ ಪೆಟ್ಟಿಗೆಯಲ್ಲೇ ನುಡಿಸಿ ತೋರಿಸುವರು. "ಗಂಟಲು ಸರಿಯಿಲ್ಲ" ಎನ್ನುವರು. ಮೂವತ್ತು ವರ್ಷ ಸರಿಯಾಗದ ಗಂಟಲು ಅದೆಂಥದ್ದು ಎಂದು ನನಗೂ ಅನ್ನಿಸಿತ್ತು, ಆದರೆ ಕೆದಕಲಿಲ್ಲ.

ಅವರ ದುಡಿಮೆ ನೋಡಿದರೆ ನನಗೇ ಸುಸ್ತಾಗುತ್ತಿತ್ತು. ಬೆಳಗ್ಗೆ ಮನೆಯ ಜಗುಲಿಯಲ್ಲಿ ಪಾಠ. ವಾರಕ್ಕೆ ಎರಡು ದಿನ ಚಾಮರಾಜನಗರದ ಶಾಲೆಯೊಂದರಲ್ಲಿ ಮಕ್ಕಳಿಗೆ ಸಮೂಹಗಾನ. ಹಾರ್ಮೋನಿಯಂ ಹೊತ್ತು ಏಳೂಕಾಲಿನ ಬಸ್ಸಿಗೆ ಓಡಬೇಕು. ಕಂಡಕ್ಟರ್ ಅದನ್ನು ಎಂಜಿನ್ ಪಕ್ಕ ಇಡಿ ಎಂದರೆ ಬಿಸಿಗೆ ರೀಡು ಹಾಳಾಗುತ್ತದೆ ಎಂದು ಇವರು, ತೊಡೆ ಮೇಲೆ ಇಟ್ಟುಕೊಂಡರೆ ಎರಡು ಸೀಟು ಹಿಡಿಯುತ್ತದೆ ಎಂದು ಅವನು. ಆಗಸ್ಟ್ ಬಂತೆಂದರೆ ನಾಲ್ಕು ಶಾಲೆ, ಒಂದೊಂದರಲ್ಲೂ ಎಂಬತ್ತು ಮಕ್ಕಳು. ಬಿಸಿಲಿನಲ್ಲಿ ನಿಲ್ಲಿಸಿಕೊಂಡು ಒಂದೇ ಬಾಯಿಂದ ಹಾಡಿಸಬೇಕು. ಒಮ್ಮೆ ಬಂಡೀಪುರದ ಹತ್ತಿರದ ರೆಸಾರ್ಟಿನವರು ಮಧ್ಯಾಹ್ನದ ಊಟದ ಹೊತ್ತಿಗೆ ವಚನ ನುಡಿಸಲು ಕರೆದಿದ್ದರು. ನಾವು ಮೂಲೆಯಲ್ಲಿ ಕೂತು ಒಂದೂವರೆ ಗಂಟೆ ಬಾರಿಸಿದೆವು. ಬಂದವರು ಮೀನು ತಿನ್ನುತ್ತಾ ಹುಲಿ ಕಂಡೆವೋ ಇಲ್ಲವೋ ಎಂದು ಮಾತಾಡುತ್ತಿದ್ದರು. ಕೊನೆಗೆ ಒಬ್ಬಾತ ಬಂದು ಮಲಯಾಳಂ ಸಿನಿಮಾ ಹಾಡು ಬರುತ್ತದೆಯೇ ಎಂದು ಕೇಳಿದ. ಮೇಷ್ಟ್ರಿಗೆ ಬರುತ್ತಿತ್ತು, ನುಡಿಸಿದರು, ಆತ ಖುಷಿಯಲ್ಲಿ ಎದ್ದು ನಿಂತು ಹಾಡಿಬಿಟ್ಟ. ಅವನೂ ಜಾರಿದ. ಮೇಷ್ಟ್ರು ಅವನ ಹಿಂದೆಯೂ ಹೋದರು.

ಎಲ್ಲಕ್ಕಿಂತ ನನ್ನ ಜೀವ ತಿಂದವರು ಶಾಂತಮಲ್ಲಪ್ಪನವರು. ತಾಲ್ಲೂಕು ಕಚೇರಿಯಿಂದ ರಿಟೈರಾದವರು. ಯಾರ ಮನೆಯಲ್ಲಿ ತೋರಣ ಕಟ್ಟಿದರೂ ಹಾಡಲು ಹಾಜರು. ಕರಿ ಒಂದರಲ್ಲಿ ಹಿಡಿದು, ಬಿಳಿ ಒಂದಕ್ಕೆ ಬಂದು, ಮಂಗಳದ ಹೊತ್ತಿಗೆ ಅದಕ್ಕೂ ಕೆಳಗೆ ಹೋಗುತ್ತಿದ್ದರು. ಒಂದು ಸಲ ಹಾಡು ಮುಗಿಸಿ ಬೆವರು ಒರೆಸಿಕೊಳ್ಳುತ್ತಾ, "ಮೇಷ್ಟ್ರೇ, ನಿಮ್ ಜೊತೆ ಕುಂತ್ರೆ ಗಂಟ್ಲು ಅದಾಗೇ ತೆರ್ಕತದೆ ಕಣ್ರೀ. ಇವ್ನಿಗೆ ಮಾತ್ರ ಶ್ರುತಿ ಗ್ಯಾನ ಕಮ್ಮಿ" ಎಂದು ನನ್ನ ಕಡೆ ಕೈ ತೋರಿಸಿದರು. ಅವತ್ತು ಬರುವ ದಾರಿಯಲ್ಲಿ ನಾನು ಮೇಷ್ಟ್ರ ಮೇಲೆ ಹಾರಿಬಿದ್ದೆ.

"ಅಲ್ಲ ಮೇಷ್ಟ್ರೇ, ಜಾರೋರು ಅವ್ರು, ಬೈಸ್ಕಳೋನು ನಾನಾ? ಒಂದ್ಸಲ ಹೇಳ್ಬುಡಿ ಅತ್ಲಾಗಿ, ನೀವು ಇಳೀತಿದ್ದೀರಿ ಅಂತ. ಬಾಯಲ್ಲೇನ್ ಕಡುಬು ಇಟ್ಕಂಡಿದ್ದೀರಾ?"

"ಸುಮ್ಕಿರ್ಲಾ ಮಾಲಿಂಗ" ಎಂದರು ಮೇಷ್ಟ್ರು. "ನಾಕ್ ಜನದ್ ಮುಂದೆ ಮಾನ ಕಳೆಯಾದು ಏನ್ ದೊಡ್ ಕೆಲ್ಸ? ಪಾಪ, ಮನ್ಗೋಗಿ ನೆಮ್ದಿಯಾಗ್ ಉಣ್ಲಿ ಬುಡು."

ಅದು ಅವರ ಧರ್ಮ. ಜೊತೆಗೆ ನುಡಿಸುವವನು ಹಾಡುವವರ ಮಾನ ಕಾಯಬೇಕು, ಅಷ್ಟೇ. ಅವರಿಗೆ ಅದು ಎಷ್ಟು ಕೈಗೆ ಕೂತುಬಿಟ್ಟಿತ್ತೆಂದರೆ ಸಭೆಯಲ್ಲಿ ಮಾಡಬೇಕಾದ್ದನ್ನು ಪಾಠದಲ್ಲೂ ಮಾಡುತ್ತಿದ್ದರು. ಮಕ್ಕಳು ಜಾರಿದರೆ ಬೆರಳು ತಾನಾಗೇ ಪಕ್ಕಕ್ಕೆ ಸರಿಯುತ್ತಿತ್ತು. ಹೆಚ್ಚಿನ ಮಕ್ಕಳು ಎರಡು ವರ್ಷ ಕಲಿತು, ಬಹುಮಾನದ ಲೋಟವೋ ತಟ್ಟೆಯೋ ಗೆದ್ದು, ಹತ್ತನೇ ಕ್ಲಾಸಿಗೆ ಬಿಟ್ಟುಹೋಗುವವರು. ಅವರಿಗೆ ಇದರಿಂದ ಏನೂ ಕೆಡಲಿಲ್ಲ. ಕೆಟ್ಟದ್ದು ಬಿಂದುಶ್ರೀ ಒಬ್ಬಳಿಗೆ.

ಬಿಂದುಶ್ರೀ ಕುಮಾರಿಯ ಮಗಳು. ಕುಮಾರಿ ಸರ್ಕಾರಿ ಶಾಲೆಯಲ್ಲಿ ಮಕ್ಕಳ ಬಿಸಿಯೂಟ ಬೇಯಿಸುತ್ತಾಳೆ, ಗಂಡ ಇಲ್ಲ, ಒಬ್ಬಳೇ ಮಗಳು. ಎಂಟು ವರ್ಷದ ಹುಡುಗಿಯನ್ನು ಕೈ ಹಿಡಿದು ತಂದು ಮೇಷ್ಟ್ರ ಜಗುಲಿಗೆ ಬಿಟ್ಟಾಗ ನಾನೂ ಅಲ್ಲೇ ಇದ್ದೆ. ಅದು ಬಾಯಿ ತೆರೆಯಿತು ನೋಡಿ, ಒಳಗೆ ರೊಟ್ಟಿ ತಟ್ಟುತ್ತಿದ್ದ ಮೇಷ್ಟ್ರ ಹೆಂಡತಿ ಸುಧಾಮಣಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಅಂಥ ಕಂಠ. ಹದಿನೈದು ವರ್ಷ ಕಲಿತಳು. ಸಮೂಹಗಾನಕ್ಕೆ ಮುಂದಾಳು ಅವಳೇ, ಚಿಕ್ಕ ಮಕ್ಕಳಿಗೆ ಪಾಠ ಹೇಳುವವಳೂ ಅವಳೇ. ಮೇಷ್ಟ್ರಿಗೆ ಮಕ್ಕಳಿಲ್ಲ, ಇವಳನ್ನೇ ಮಗಳು ಅಂದುಕೊಂಡಿದ್ದರು. ಅವಳೂ ಮೂರನೇ ಚರಣಕ್ಕೆ ಇಳಿಯುತ್ತಿದ್ದಳು. ಕರಿ ನಾಲ್ಕರಿಂದ ಬಿಳಿ ಐದಕ್ಕೆ, ಪ್ರತಿ ಸಲ. ನನಗೆ ಗೊತ್ತಿತ್ತು. ಮೇಷ್ಟ್ರಿಗೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ.

ಹೋದ ವರ್ಷ ಆಷಾಢದಲ್ಲಿ ಚಾಮರಾಜನಗರದ ಆಚೆ ಇರುವ ಟ್ರಸ್ಟಿನವರ ವಸತಿ ಶಾಲೆಯಿಂದ ಸಂಗೀತ ಟೀಚರ್ ಬೇಕೆಂದು ಕರೆ ಬಂತು. ತಿಂಗಳ ಸಂಬಳ, ಊಟ, ಇರಲು ಎರಡು ಕೋಣೆಯ ಮನೆ, ತಾಯಿಯನ್ನೂ ಕರೆದುಕೊಂಡು ಹೋಗಬಹುದು. ಕುಮಾರಿಯ ಮಂಡಿ ಸವೆದುಹೋಗಿತ್ತು. ದೊಡ್ಡ ಪಾತ್ರೆ ಇಳಿಸುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದಳು. ಈ ಕೆಲಸವೊಂದು ಸಿಕ್ಕಿದರೆ ಅವಳು ಒಲೆ ಬಿಡಬಹುದಿತ್ತು. "ಇದೊಂದ್ ಆಗ್ಬುಟ್ರೆ ಸಾಕು ಕಣಣ್ಣೋ" ಎಂದು ಅಂಗಡಿಗೆ ಬಂದು ಮಗಳಿಗೆ ಹೊಸ ಬ್ಲೌಸ್ ಹೊಲಿಸಿಕೊಂಡು ಹೋದಳು.

ಹಾಡಿನ ಪರೀಕ್ಷೆಗೆ ಬಿಂದುಶ್ರೀ, ಮೇಷ್ಟ್ರು, ನಾನು ಮೂವರೂ ಹೋದೆವು. ಅಲ್ಲಿ ಹೋದ ಮೇಲೆ ತಿಳಿಯಿತು, ಜೊತೆಗೆ ನುಡಿಸುವವರನ್ನು ಒಳಗೆ ಬಿಡುವುದಿಲ್ಲ. ಒಂದು ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಹಾಕಿಡುತ್ತಾರೆ, ಅದರ ಜೊತೆ ಒಬ್ಬರೇ ಹಾಡಬೇಕು. ಹಾರ್ಮೋನಿಯಂ ಹೊತ್ತು ತಂದಿದ್ದ ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಹುಡುಗಿ ಮಾತ್ರ ನಗುನಗುತ್ತಾ, "ಇಲ್ಲೇ ಕುಂತಿರಿ ಸಾರ್, ಬೇಗ ಬಂದ್ಬುಡ್ತೀನಿ" ಎಂದು ಒಳಗೆ ಹೋದಳು.

ಕಿಟಕಿಯ ಹೊರಗೆ ಹೊಂಗೆ ಮರದ ಕಟ್ಟೆ ಇತ್ತು, ಅಲ್ಲಿ ಕೂತೆವು. ಒಳಗಿನ ಶ್ರುತಿ ಕೇಳುತ್ತಿತ್ತು. ಪಲ್ಲವಿ ಹಾಡಿದಳು, ಚಿನ್ನದಂಥ ಗಂಟಲು. ಮೊದಲ ಚರಣ ಸರಿಯಾಗಿತ್ತು. ಎರಡನೆಯದರ ಕೊನೆಗೆ ನನ್ನ ಕಿವಿ ನಿಮಿರಿತು. ಮೂರನೆಯದಕ್ಕೆ ಅವಳ ದನಿ ಒಂದು ಕಡೆ, ಶ್ರುತಿ ಒಂದು ಕಡೆ. ಆ ಯಂತ್ರಕ್ಕೇನು ಮನುಷ್ಯರ ಮುಖ ಕಾಣುತ್ತದೆಯೇ? ಅದು ತನ್ನ ಪಾಡಿಗೆ ಗುಂಯ್ ಎನ್ನುತ್ತಲೇ ಇತ್ತು. ನಾನು ಮೇಷ್ಟ್ರ ಕಡೆ ತಿರುಗಿದೆ. ಅವರು ಕಣ್ಣು ಮುಚ್ಚಿದ್ದರು, ಬಲಗೈ ಬೆರಳು ತೊಡೆಯ ಮೇಲೆ ಒಂದು ಅಂಗುಲ ಪಕ್ಕಕ್ಕೆ ಸರಿದು ಪಂಚೆಯನ್ನು ಒತ್ತುತ್ತಿತ್ತು. ನನಗೆ ಅವತ್ತು ಆದ ಸಂಕಟ ಯಾವತ್ತೂ ಆಗಿರಲಿಲ್ಲ.

ಹೊರಗೆ ಬಂದವಳ ಮುಖದಲ್ಲಿ ರಕ್ತವಿರಲಿಲ್ಲ. ಬಸ್ಸಿನಲ್ಲಿ ನಾವು ಮೂವರು ಒಂದೇ ಸೀಟಿನಲ್ಲಿ ಕೂತೆವು, ಹಾರ್ಮೋನಿಯಂ ಕಾಲ ಹತ್ತಿರ. ತೆರಕಣಾಂಬಿಯಲ್ಲಿ ಬಸ್ಸು ನಿಂತು ಜನ ಇಳಿದು ಹತ್ತುತ್ತಿದ್ದಾಗ ಅವಳು ಬಾಯಿ ಬಿಟ್ಟಳು.

"ಸಾರ್, ನಾನು ಇಳೀತೀನಾ?"

ಮೇಷ್ಟ್ರು ಕಿಟಕಿಯ ಕಡೆ ತಿರುಗಿ, "ಊಂ ಕಣಮ್ಮಿ" ಎಂದರು.

"ಯಾವಾಗ್ನಿಂದ?"

"ಮೊದ್ಲಿಂದ್ಲೂ."

"ಅಲ್ಲಿದ್ದೋರೊಬ್ರು ಕೇಳುದ್ರು, ಕಂಠ ಚೆನ್ನಾಗದೆ, ಶ್ರುತಿ ನಿಲ್ಲಲ್ವಲ್ಲಮ್ಮ, ನಿಮ್ ಮೇಷ್ಟ್ರು ಯಾವತ್ತೂ ಹೇಳ್ಲಿಲ್ವಾ ಅಂತ. ನಾನು ಏನಂತ ಹೇಳ್ಬೇಕಿತ್ತು ಸಾರ್?" ಆಮೇಲೆ ನನ್ನ ಕಡೆ ತಿರುಗಿದಳು. "ಮಾವ, ನಿಮ್ಗೂ ಗೊತ್ತಿತ್ತಾ?"

"ತಬಲ್ದೋನಿಗೆ ಗೊತ್ತಾಗ್ದೆ ಇರ್ತದೇನಮ್ಮಿ" ಎಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಹದ್ನೈದ್ ವರ್ಸ" ಎಂದಳು ಅವಳು. "ಇಬ್ರೂ ಸೇರ್ಕಂಡು ನನ್ನ ಪೆದ್ದಿ ಮಾಡ್ಬುಟ್ರಲ್ಲ." ಗುಂಡ್ಲುಪೇಟೆಯಲ್ಲಿ ಇಳಿದು ಹಿಂದಿರುಗಿ ನೋಡದೆ ನಡೆದುಹೋದಳು.

ಆಮೇಲೆ ಪಾಠಕ್ಕೆ ಬರುವುದು ನಿಂತಿತು. ಹೆದ್ದಾರಿ ಪಕ್ಕದ ಹೊಲಗಳಲ್ಲಿ ಚೆಂಡು ಹೂವಿನ ಕಾಲ, ಬೀದಿಯ ಹೆಂಗಸರ ಜೊತೆ ಹೂ ಬಿಡಿಸಲು ಹೋಗತೊಡಗಿದಳಂತೆ. ಹೀಗೆ ಒಂದು ತಿಂಗಳು ಕಳೆಯಿತು. ಒಂದು ದಿನ ಕುಮಾರಿ ಅಂಗಡಿಗೆ ಬಂದು ಬಾಗಿಲ ಹತ್ತಿರವೇ ಕೂತುಬಿಟ್ಟಳು.

"ಮನೇಲಿ ಒಂದ್ ಸೊಲ್ಲು ಹಾಡಲ್ಲ ಕಣಣ್ಣೋ. ಆ ಸ್ಕೂಲ್ನೋರು ಯಾರ್ನೂ ತಕಂಡಿಲ್ವಂತೆ, ದಸರಾ ಆದ್ಮೇಲೆ ಇನ್ನೊಂದ್ಸಲ ಬಾ ಅಂತ ಲೆಟರ್ ಹಾಕವ್ರೆ. ನಾನೋಗಲ್ಲ ಅಂತಾಳೆ. ನಂಗೆ ಹಾಡಾಕ್ ಬರಲ್ಲ, ಇಷ್ಟ್ ದಿನ ಬತ್ತದೆ ಅನ್ಕಂಡಿದ್ದೆ ಅಂತಾಳೆ. ನಾನೇನ್ ಮಾಡ್ಲಿ?"

ಅಂಗಡಿ ಬಾಗಿಲು ಎಳೆದು ನೇರ ಮೇಷ್ಟ್ರ ಮನೆಗೆ ಹೋದೆ. ಹಾರ್ಮೋನಿಯಂ ಮೇಲೆ ಬಟ್ಟೆ ಹೊದಿಸಿತ್ತು. ಅವರು ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದರು. ಆಗಸ್ಟಿನ ಶಾಲೆಗಳಿಗೆಲ್ಲ ಈ ಸಲ ಆಗುವುದಿಲ್ಲ ಎಂದು ಹೇಳಿ ಕಳಿಸಿದ್ದರಂತೆ. ಸುಧಾಮಣಿಯವರು ನನ್ನನ್ನು ನೋಡಿ, "ಬಾರಪ್ಪ ಮಾಲಿಂಗ. ಇಷ್ಟ್ ದಿನ ಪೆಟ್ಟಿಗೆ ಕಟ್ಕಂಡು ಕುಂತಿದ್ರು, ಈಗ ಕಂಬ ಕಟ್ಕಂಡವ್ರೆ. ನನ್ ಯಾಕ್ ಕಟ್ಕಂಡ್ರೋ ಆ ಶಿವ್ನಿಗೇ ಗೊತ್ತು" ಎಂದು ಒಳಗೆ ಹೋದರು. ಅವರ ಕಣ್ಣೂ ಕೆಂಪಾಗಿತ್ತು.

ನಾನು ಲೆಟರಿನ ವಿಷಯ ಹೇಳಿದೆ. ಮೇಷ್ಟ್ರು ಕೇಳಿಸಿಕೊಂಡು, "ನಂಗೆ ಸಾಕಾಗದೆ ಕಣ್ಲಾ" ಎಂದರು.

"ಸಾಕಾಗದೆ ಅಂದ್ರೆ? ನಿಮ್ಗೆ ಸಾಕಾಗ್ಬೋದು, ಆ ಹೆಣ್ಮಗಳ ಮಂಡಿಗೆ ಸಾಕಾಗದೆ ಮೇಷ್ಟ್ರೇ! ಎದ್ದೇಳಿ. ನಾವ್ ಮಾಡಿದ್ದು, ನಾವೇ ಓಗಿ ಕಾಲ್ ಕಟ್ಟನ."

ಭಾನುವಾರ ಬೆಳಗ್ಗೆ ಹೊರಟೆವು. ಮೇಷ್ಟ್ರು ಹಾರ್ಮೋನಿಯಂ ತರಲಿಲ್ಲ. ಬೀದಿಯಲ್ಲಿ ಸಿಕ್ಕವರೆಲ್ಲ "ಪೆಟ್ಟಿಗೆ ಎಲ್ಲಿ ಮೇಷ್ಟ್ರೇ?" ಎಂದು ಕೇಳುವವರೇ. ಬರಿಗೈಯಲ್ಲಿ ಅವರನ್ನು ಊರು ನೋಡಿರಲಿಲ್ಲ.

ಬಿಂದು ನಡುಮನೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಚಾಪೆ ಹಾಸಿದಳು, ನೀರು ಕೊಟ್ಟಳು, ಮತ್ತೆ ಮೊರದ ಮುಂದೆ ಕೂತಳು. ತಲೆ ಎತ್ತಲಿಲ್ಲ. ಕುಮಾರಿ ಬಾಗಿಲಿಗೆ ಒರಗಿ ನಿಂತಳು. ಆಮೇಲೆ ಮೇಷ್ಟ್ರು ನೆಲ ನೋಡುತ್ತಾ ಹೇಳಿದರು, ಮೂವತ್ತೊಂದು ವರ್ಷ ನನಗೂ ಹೇಳದಿದ್ದುದನ್ನು.

ಹದಿನೆಂಟು ವರ್ಷದವರಾಗಿದ್ದಾಗ, ಕಾರ್ತಿಕ ಸೋಮವಾರ, ಮಠದ ತುಂಬ ಜನ. ಗುರುಸಿದ್ದಯ್ಯನವರು ಮೊದಲ ಸಲ ಇವರನ್ನು ಹಾಡಲು ಕೂರಿಸಿ ತಾವು ಹಾರ್ಮೋನಿಯಂ ಹಿಡಿದಿದ್ದರು. ಇವರ ಅಪ್ಪ ಹೊಸ ಟವಲು ಹೊದ್ದು ಮುಂದಿನ ಸಾಲಿನಲ್ಲಿ ಕೂತಿದ್ದರು. ಹೆದರಿಕೆಗೆ ದನಿ ಜಾರಿತು. ಗುರುಸಿದ್ದಯ್ಯ ತಿದಿ ನಿಲ್ಲಿಸಿ, ಎಲ್ಲರಿಗೂ ಕೇಳುವಂತೆ, "ಇಳೀತು. ಎದ್ದೋಗ್ಲಾ, ದನ ಕಾಯೋಗು" ಎಂದರು. ಮಠವೆಲ್ಲ ನಕ್ಕಿತು. ಅಪ್ಪ ಎದ್ದು ಟವಲು ಕೊಡವಿಕೊಂಡು ಹೊರಗೆ ಹೋದರು. ಸಾಯುವವರೆಗೆ ಅಪ್ಪ ಆ ದಿನದ ಮಾತೆತ್ತಲಿಲ್ಲ, ಇವರು ಬಾಯಿ ತೆರೆದು ಹಾಡಲಿಲ್ಲ.

"ಆ ಮಾತು ನನ್ ಬಾಯಿಂದ ಯಾರಿಗೂ ಬರ್ಬಾರ್ದು ಅನ್ಕಂಡೆ ಕಣಮ್ಮಿ" ಎಂದರು. "ಬರ್ಲಿಲ್ಲ. ನಿಂಗೂ ಬರ್ಲಿಲ್ಲ. ತಪ್ಪಾಗೋಯ್ತು."

ಬಿಂದು ಮೊರ ಪಕ್ಕಕ್ಕಿಟ್ಟಳು. "ಅವತ್ ಏನ್ ಹಾಡುದ್ರಿ ಸಾರ್?"

"ಶಿವನ್ ಮೇಲೊಂದು ಭಜನೆ."

"ಈಗ ಹಾಡಿ."

"ನಾನಾ? ನಲವತ್ತಾರ್ ವರ್ಸ ಆಯ್ತು ಕಣಮ್ಮಿ, ಗಂಟ್ಲಲ್ಲಿ ಏನದೆ?"

"ಏನಿದ್ರೆ ಅದ್ನೇ ಹಾಡಿ. ಪೆಟ್ಟಿಗೆ ಇಲ್ಲ, ತಬಲ ಇಲ್ಲ, ಜನ ಇಲ್ಲ. ನಾವೇ ಇರಾದು." ಮೊಬೈಲಿನಲ್ಲಿ ಶ್ರುತಿ ಹಚ್ಚಿ ಚಾಪೆಯ ಮೇಲಿಟ್ಟಳು.

ಮೇಷ್ಟ್ರು ಹಾಡಿದರು. ಎಣ್ಣೆ ಕಾಣದ ಬಾಗಿಲಿನಂಥ ದನಿ, ಆದರೆ ಎಳೆತ, ಬಾಗು ಎಲ್ಲಾ ಇತ್ತು. ಮೂರನೇ ಸಾಲಿಗೆ ಜಾರಿದರು.

"ಇಳೀತು" ಎಂದಳು ಬಿಂದು.

ಮೇಷ್ಟ್ರ ಮುಖ ಬೂದಿಯಾಯಿತು. ಒಂದು ಕೈ ನೆಲಕ್ಕೆ ಊರಿದರು. ಎದ್ದುಹೋಗುತ್ತಾರೆ, ಮುಗಿಯಿತು ಅಂದುಕೊಂಡೆ. ಬಿಂದು ಅವರನ್ನೇ ನೋಡುತ್ತಾ ಮೆಲ್ಲಗೆ, "ಇದೇ ಸಾಲು ಸಾರ್. ಇನ್ನೊಂದ್ಸಲ" ಎಂದಳು.

ಹಾಡಿದರು. "ಇಳೀತು. ಇನ್ನೊಂದ್ಸಲ." ಮತ್ತೆ ಹಾಡಿದರು. "ಚೂರು ಇಳೀತು. ಇನ್ನೊಂದ್ಸಲ." ನಾಲ್ಕನೆಯ ಸಲ ದನಿ ಹೋಗಿ ಶ್ರುತಿಯ ಮೇಲೆ ಕೂತಿತು, ಕೂತು ಅಲ್ಲೇ ನಿಂತಿತು. ಮೇಷ್ಟ್ರು ಹಾಡು ನಿಲ್ಲಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು, "ಇಷ್ಟೇನಾ ಕಣಮ್ಮಿ? ಇದು ಇಷ್ಟೇನಾ?" ಎಂದರು.

"ಇಷ್ಟೇ ಆಗಿದ್ರೆ ನಂಗೂ ಹೇಳ್ಬೋದಿತ್ತಲ್ಲ ಸಾರ್" ಎಂದು ಹುಡುಗಿ ಮುಖ ಮುಚ್ಚಿಕೊಂಡು ಅತ್ತಳು. ಕುಮಾರಿ ಒಳಗೆ ಹೋಗಿ ಕಾಫಿಗೆ ಇಟ್ಟಳು.

ಮಾರನೆಯ ದಿನ ಬೆಳಗ್ಗೆ ಐದೂವರೆಗೆ ಬಂದಳು. ದಸರಾ ಆಗುವವರೆಗೆ ದಿನಾ ಬಂದಳು. ಹಾರ್ಮೋನಿಯಂ ಮುಟ್ಟಲಿಲ್ಲ, ಬರೀ ಶ್ರುತಿ. ಮೊದಲ ದಿನ ಅವಳು ಜಾರಿದಾಗ ಮೇಷ್ಟ್ರ ಬಾಯಿಂದ ಆ ಮಾತೇ ಹೊರಡಲಿಲ್ಲ. ತುಟಿ ಅಲ್ಲಾಡಿತು, ಕೈ ನೆಲಕ್ಕೆ ಬಡಿಯಿತು. ನಾನೇ ಮೂಲೆಯಿಂದ "ಇಳೀತೂ!" ಎಂದು ಕೂಗಿದೆ. ಸುಧಾಮಣಿಯವರು ಬೆಚ್ಚಿಬಿದ್ದು ಕೈಲಿದ್ದ ಲೋಟ ಬಿಟ್ಟರು. ಮೂರನೆಯ ದಿನಕ್ಕೆ ಅವರೇ ಹೇಳಿದರು, ಹೇಳಿ ಒಂದು ಲೋಟ ನೀರು ಕುಡಿದರು. ಇಬ್ಬರಿಗೂ ಅದು ಬಲು ದಣಿವಿನ ಕೆಲಸವಾಗಿತ್ತು. ಹದಿನೈದು ವರ್ಷ ರೂಢಿಯಾದ ಗಂಟಲನ್ನು ಸಾಲು ಸಾಲಾಗಿ ಬಿಚ್ಚಿ ಮತ್ತೆ ಹೊಲಿಯಬೇಕಿತ್ತು. ಕೆಲವು ದಿನ ಒಂದೇ ಸಾಲಿನಲ್ಲಿ ಬೆಳಗು ಮುಗಿಯುತ್ತಿತ್ತು. ಅವಳು ಸಿಟ್ಟಿನಲ್ಲಿ ಎದ್ದುಹೋಗುವಳು, ಮಾರನೆಯ ದಿನ ಬರುವಳು. ಮೇಷ್ಟ್ರು ಆ ಎರಡು ತಿಂಗಳಲ್ಲಿ ಹತ್ತು ವರ್ಷ ಹೆಚ್ಚು ಮುದುಕರಾದರು.

ನಡುವೆ ಶಾಂತಮಲ್ಲಪ್ಪನವರ ಮೊಮ್ಮಗಳ ನಾಮಕರಣ ಬಂತು. ಈಗಲಾದರೂ ಹೇಳುತ್ತಾರೇನೋ ಎಂದು ನಾನು ಕಾದಿದ್ದೆ. ಮುದುಕರು ಎಂದಿನಂತೆ ಜಾರಿದರು, ಮೇಷ್ಟ್ರ ಬೆರಳು ಎಂದಿನಂತೆ ಇಳಿಯಿತು. ನಾನು ಗುರ್ ಎಂದಾಗ, "ಅವ್ರಿಗೆ ಎಪ್ಪತ್ತೆಂಟು ಕಣ್ಲಾ, ಇನ್ಯಾವ್ ಕೆಲ್ಸಕ್ ಓಗ್ಬೇಕು ಅವ್ರು?" ಎಂದರು. ಅವತ್ತೂ ಊಟದಲ್ಲಿ ಬೈಸಿಕೊಂಡವನು ನಾನೇ.

ದಸರಾ ಕಳೆದು ಎರಡನೇ ಸಲ ಕರೆದ ದಿನ ಮೂವರೂ ಅದೇ ಬಸ್ಸಿನಲ್ಲಿ ಹೋದೆವು, ಈ ಸಲ ಹಾರ್ಮೋನಿಯಂ ಇಲ್ಲದೆ. ಅದೇ ಹೊಂಗೆ ಮರದ ಕಟ್ಟೆ. ಒಳಗೆ ಶ್ರುತಿ ಶುರುವಾಯಿತು. ಮೇಷ್ಟ್ರು ನನ್ನ ಚೀಲಕ್ಕೆ ಕೈ ಹಾಕಿ ಸುತ್ತಿಗೆ ತೆಗೆದುಕೊಂಡು ಬಲಗೈಯಲ್ಲಿ ಬಿಗಿಯಾಗಿ ಹಿಡಿದರು.

"ಅದ್ಯಾಕೆ?" ಎಂದೆ.

"ಬೆರಳು ಅಲ್ಲಾಡ್ಬಾರ್ದು" ಎಂದರು.

ಪಲ್ಲವಿ ಆಯಿತು. ಒಂದನೇ ಚರಣ, ಎರಡನೇ ಚರಣ, ದನಿ ಶ್ರುತಿಯ ಮೇಲೇ ಇತ್ತು. ಮೂರನೆಯದರ ಎರಡನೇ ಸಾಲಿನಲ್ಲಿ, ಅಯ್ಯೋ ಶಿವನೇ, ಕೂದಲೆಳೆಯಷ್ಟು ಜಾರಿತು. ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಮ್ಮಿಬ್ಬರಿಗೆ ತಿಳಿಯಿತು. ಮೇಷ್ಟ್ರು ಸುತ್ತಿಗೆ ಹಿಡಿದ ಕೈಯನ್ನು ಎದೆಗೆ ಒತ್ತಿಕೊಂಡರು. ಅಷ್ಟರಲ್ಲಿ ಒಳಗೆ ಹಾಡು ನಿಂತಿತು.

"ಕ್ಷಮಿಸಿ, ಇಳೀತು" ಎಂದಳು ಬಿಂದು, ಕಿಟಕಿಯಾಚೆಗೂ ಕೇಳುವಷ್ಟು ಸ್ಪಷ್ಟವಾಗಿ. "ಆ ಸಾಲನ್ನ ಇನ್ನೊಂದ್ಸಲ ಹಾಡ್ತೀನಿ."

ಯಾರೂ ನಗಲಿಲ್ಲ. ಯಾರೂ ಎದ್ದುಹೋಗು ಎನ್ನಲಿಲ್ಲ. ಶ್ರುತಿ ಒಂದೇ ಕೇಳುತ್ತಿತ್ತು. ಆಮೇಲೆ ಅವಳು ಆ ಸಾಲನ್ನು ಮತ್ತೆ ಹಿಡಿದಳು, ಹಿಡಿದು ಕೊನೆಯವರೆಗೆ ಕರಿ ನಾಲ್ಕರಲ್ಲೇ ನಿಂತಳು.

ಮೇಷ್ಟ್ರು ನನ್ನ ತೋಳು ಹಿಡಿದುಕೊಂಡರು. "ಅವ್ಳಿಗೇ ಕೇಳುಸ್ತು ಕಣ್ಲಾ ಮಾಲಿಂಗ" ಎಂದರು. "ನಾನ್ ಹೇಳ್ಲಿಲ್ಲ, ನೀನ್ ಹೇಳ್ಲಿಲ್ಲ. ಅವ್ಳಿಗೇ ಕೇಳುಸ್ತು."

ಕೆಲಸದ ಆರ್ಡರ್ ಬಂದದ್ದು ಹದಿನೈದು ದಿನದ ಮೇಲೆ. ಅವತ್ತು ನಮಗೆ ಅದೇನೂ ಗೊತ್ತಿರಲಿಲ್ಲ. ವಾಪಸ್ ಬರುವಾಗ ಬಿಂದು ಮುಂದಿನ ಸೀಟಿನಲ್ಲಿ ಕೂತು ಫೋನಿನಲ್ಲಿ ಅಮ್ಮನಿಗೆ ಎಲ್ಲವನ್ನೂ ಹೇಳುತ್ತಿದ್ದಳು. ಮೇಷ್ಟ್ರು ಬಸ್ಸು ಹೊರಟ ಐದು ನಿಮಿಷಕ್ಕೇ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದರು. ತೆರಕಣಾಂಬಿಯಲ್ಲಿ ಬಸ್ಸು ನಿಂತಾಗಲೂ ಎಚ್ಚರವಾಗಲಿಲ್ಲ. ಸುತ್ತಿಗೆ ಇನ್ನೂ ಅವರ ಕೈಯಲ್ಲೇ ಇತ್ತು, ಗುಂಡ್ಲುಪೇಟೆ ಬರುವವರೆಗೆ ನಾನು ಅದನ್ನು ವಾಪಸ್ ಕೇಳಲಿಲ್ಲ.